ಕೈ ವೈರ್ ಬಿಚ್ಚಿದ ಕಾರು

ನನ್ನ ಬಲಗಾಲು ಹೆಸರಿಗೆ ಮಾತ್ರ ಕಾಲು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಹೋಯಿತು. ಕಾಲು ಉಳಿಯಿತು, ಬಲ ಉಳಿಯಲಿಲ್ಲ. ಶಿಕಾರಿಪುರದ ನಮ್ಮ ಬೀದಿಯಲ್ಲಿ ನಾನು ಗೋಡೆ ಹಿಡಿದು ನಡೆಯುವವನು. ಕಾರಿನಲ್ಲಿ ಕೂತರೆ ಮಾತ್ರ ಎಲ್ಲರಂತೆ, ಕೆಲವರಿಗಿಂತ ಜೋರಾಗಿಯೇ ಹೋಗುತ್ತಿದ್ದೆ. ನನ್ನಷ್ಟಕ್ಕೆ ನಾನೇ ಹೊರಟು, ನನಗೆ ಬೇಕಾದಲ್ಲಿ ನಿಲ್ಲುವ ಸುಖ ಎರಡು ಕಾಲು ನೆಟ್ಟಗಿರುವವರಿಗೆ ಗೊತ್ತಾಗುವುದಿಲ್ಲ. ನನಗಿದ್ದದ್ದು ಅದೊಂದೇ ಸುಖ, ಅದೂ ಈ ವರ್ಷ ಹೋಯಿತು.

ನಾನು ಸಂತೆಗಳಲ್ಲಿ ಓದುವ ಕನ್ನಡಕ ಮಾರುತ್ತೇನೆ. ತೊಗರ್ಸಿ, ಸೊರಬ, ಉಳವಿ ಎಂದು ಸುತ್ತುವವನಿಗೆ ಕಾರೇ ಅಂಗಡಿ. ಅದು ಕಾರ್ಬುರೇಟರ್ ಕಾಲದ ಹಳೇ ಗಾಡಿ. ಅದಕ್ಕೆ ಸ್ಟೀರಿಂಗಿನ ಕೆಳಗೆ ಒಂದು ಲಿವರ್ ಕೂರಿಸಿಕೊಟ್ಟವರು ನಮ್ಮೂರಿನ ಉಸ್ತಾದರು, ನನಗಿಂತ ಹಿರಿಯ ಮೆಕ್ಯಾನಿಕ್ಕು. ಬಲಗೈಯಲ್ಲಿ ಅದನ್ನು ಮುಂದಕ್ಕೆ ಒತ್ತಿದರೆ ಬ್ರೇಕು, ಹಿಂದಕ್ಕೆ ಎಳೆದರೆ ವೇಗ. ಎಳೆಯುವುದಕ್ಕೆ ಬೇಕಾದ ವೈರು ಸೈಕಲ್ ಅಂಗಡಿಯಿಂದ ಬಂದದ್ದು. ಅದು ಕಾರ್ಬುರೇಟರಿನವರೆಗೆ ಹೋಗಿ, ಕಾಲಿನ ಪೆಡಲಿನಿಂದ ಬರುವ ವೈರಿನ ಪಕ್ಕದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕ್ಲಚ್ಚಿಗೆ ಎಡಗಾಲು, ಗೇರಿಗೆ ಎಡಗೈ. ಗೇರ್ ಬದಲಿಸುವ ಹೊತ್ತಿಗೆ ಸ್ಟೀರಿಂಗ್ ಯಾರ ಕೈಲಿತ್ತು ಎಂದು ಕೇಳಬೇಡಿ, ತೊಗರ್ಸಿಯ ಮಲ್ಲಿಕಾರ್ಜುನ ದೇವರ ಕೈಲಿತ್ತು.

ಮೊದಲು ಕೆಟ್ಟದ್ದು ಕಾರಿನ ಉಸಿರು. ನಿಂತಲ್ಲಿ ಎಂಜಿನ್ ಒಂದೇ ಸಮನೆ ಗುನುಗದೆ ಏರುವುದು, ಇಳಿಯುವುದು, ಮತ್ತೆ ಏರುವುದು, ಆಮೇಲೆ ಸತ್ತೇ ಹೋಗುವುದು. ಉಸ್ತಾದರು ಬಾನೆಟ್ ಎತ್ತಿ ಕಾರ್ಬುರೇಟರಿನ ಬಟ್ಟಲು ಬಿಚ್ಚಿದರೆ ಪೆಟ್ರೋಲಿನ ತಳದಲ್ಲಿ ನೀರು ಕೂತಿತ್ತು. ಚೆಲ್ಲಿ ಒರೆಸಿದರು. ಪೆಟ್ರೋಲ್ ಹಾಯುವ ಸಣ್ಣ ತೂತುಗಳಿಗೆ ಬಾಯಿಟ್ಟು ಊದಿದರು. ತಾಮ್ರದ ಎಳೆ ತೂರಿಸಿದರು. ಸ್ಕ್ರೂವನ್ನು ಅರ್ಧ ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಈಗ ನೋಡ್ರೀ, ಮಗು ಮಲಗಿದಂಗೆ ಐತಿ” ಅಂದರು. ಮಗು ತೊಗರ್ಸಿ ತಲುಪುವ ಮುಂಚೆಯೇ ಎದ್ದು ರಂಪ ಮಾಡಿತು.

ಹೀಗೆ ಹೋಗಿ ಬಂದು ಮಾಡಿದ್ದಕ್ಕೆ ಲೆಕ್ಕವಿಲ್ಲ. ಫಿಲ್ಟರ್ ಬದಲಾಯಿತು, ಪ್ಲಗ್ ಬದಲಾಯಿತು, ರಬ್ಬರಿನ ಪೈಪು ಬದಲಾಯಿತು. ಗ್ಯಾರೇಜಿನ ಮುಂದೆ ಚಾ ಕುಡಿಯಲು ನಿಂತವರೆಲ್ಲ ಆಳಿಗೊಂದು ಮಾತು ಆಡಿದರು. ಒಬ್ಬ ಈಗಿನ ಪೆಟ್ರೋಲೇ ಸರಿಯಿಲ್ಲ ಅಂದ, ಇನ್ನೊಬ್ಬ ಗಾಡಿಗೆ ದೃಷ್ಟಿಯಾಗಿದೆ ಅಂದ. ಹೊಸ ಕಾರು ತಗೊಳ್ಳಿ ಅಂದವನೂ ಒಬ್ಬನಿದ್ದ. ಅವನು ಒಂದು ವರ್ಷ ಸಂತೆಯಲ್ಲಿ ಕೂತು ಕನ್ನಡಕ ಮಾರಿ ಆಮೇಲೆ ಆ ಮಾತಾಡಲಿ. ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಸರಿಹೋಯಿತು ಎಂದುಕೊಂಡು ಹೊರಟು, ದಾರಿಯಲ್ಲಿ ನಿಂತು, ಬಸ್ಸಿನ ಕಿಟಕಿಯಿಂದ ಜನ ಅಯ್ಯೋ ಪಾಪ ಎಂದು ನೋಡುವುದನ್ನು ನೋಡುವಾಗ ಆ ಸಿಟ್ಟು ಅಳುವಿಗೆ ತಿರುಗುತ್ತಿತ್ತು.

ಸೊರಬದ ಸಂತೆಯಲ್ಲಿ ಇನ್ನೊಂದು ಶುರುವಾಯಿತು. ಎಳೆದ ಲಿವರ್ ಬಿಟ್ಟೆ, ವೇಗ ಇಳಿಯಲಿಲ್ಲ. ಕಾರು ಹುಚ್ಚು ಹೋರಿಯಂತೆ ಕೂಗಿಕೊಂಡು ಸೌತೆಕಾಯಿ ಮಾರುತ್ತಿದ್ದ ಹೆಂಗಸಿನ ಕಡೆ ನುಗ್ಗಿತು. ಲಿವರನ್ನು ಮುಂದಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಾವಿ ತಿರುಗಿಸಿದೆ. ಅವಳ ಬುಟ್ಟಿ ಅಪ್ಪಚ್ಚಿಯಾಯಿತು, ಅವಳು ಉಳಿದಳು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎಂದು ಜನ ಸಮಾಧಾನ ಹೇಳಿದರು. ಅವಳು ಮಾತ್ರ ಬುಟ್ಟಿ ಎತ್ತಿಕೊಂಡು, ನನ್ನ ಕಾಲು ನೋಡಿ, ಬೈಯಲು ಬಾಯಿ ತೆರೆದವಳು ಸುಮ್ಮನಾದಳು. ಬೈದಿದ್ದರೆ ಚೆನ್ನಾಗಿತ್ತು.

ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ಕಾರನ್ನು ಉಸ್ತಾದರು ಈ ಸಲ ಬೇರೆ ಥರ ನೋಡಿದರು. ಎಂಜಿನ್ ಹೊಯ್ದಾಡುತ್ತಿರುವಾಗಲೇ ಕಾರ್ಬುರೇಟರಿನ ಪಕ್ಕದ ಕಡ್ಡಿಯ ಬುಡಕ್ಕೆ ಒಂದು ತೊಟ್ಟು ಪೆಟ್ರೋಲ್ ಬಿಟ್ಟರು. ವೈರ್ ಎಳೆದಾಗ ತಿರುಗಿ ಗಾಳಿಗೆ ದಾರಿ ಬಿಡುವ ಕಡ್ಡಿ ಅದು. ತೊಟ್ಟು ಬಿದ್ದದ್ದೇ ತಡ, ಎಂಜಿನ್ ಹೊಯ್ದಾಟ ಬಿಟ್ಟು ಸಮ ಆಯಿತು. ಆರಿದ ಮೇಲೆ ಮತ್ತೆ ಹೊಯ್ದಾಡಿತು. ಅವರು ಕಾರ್ಬುರೇಟರನ್ನೇ ಕಳಚಿ ತಂದು ನನ್ನ ಮಡಿಲಲ್ಲಿಟ್ಟರು. ಕಡ್ಡಿ ಕೂರುವ ತೂತು ದುಂಡಗಿರಲಿಲ್ಲ, ಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಆ ಸಂದಿನಲ್ಲಿ ಗಾಳಿ ನುಗ್ಗುತ್ತಿತ್ತು, ಅದೇ ಸಂದಿನಲ್ಲಿ ಕಡ್ಡಿ ಓರೆಯಾಗಿ ಕಚ್ಚಿಕೊಳ್ಳುತ್ತಿತ್ತು.

“ಪೆಡಲ್ ವೈರ್ ನೆಟ್ಟಗೆ ಎಳಿತೈತ್ರೀ. ಕೈ ವೈರ್ ಓರೆ ಎಳಿತೈತಿ” ಅಂದರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನನ್ನ ಕಾರಿನಲ್ಲಿ ಆ ಕೋಣ ನನ್ನ ಕೈ. ಇಷ್ಟು ವರ್ಷ ನಾನು ವೇಗ ಬೇಕೆಂದು ಎಳೆದಾಗಲೆಲ್ಲ ಆ ತೂತಿನ ಅಂಚನ್ನು ಸವೆಸಿದ್ದೆ. ವೈರನ್ನು ನೆಟ್ಟಗೆ ತರಲು ಉಸ್ತಾದರು ತಗಡು ಕತ್ತರಿಸಿ ಏನೇನೋ ಮಾಡಿ ನೋಡಿದರು. ಆ ಕಡೆ ಎಂಜಿನ್, ಈ ಕಡೆ ಕಾರಿನ ತಗಡಿನ ಗೋಡೆ, ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ. ತೂತಿಗೆ ಹಿತ್ತಾಳೆಯ ಬಳೆ ಕೂರಿಸಿದರು. ಅದೂ ಸ್ವಲ್ಪ ದಿನಕ್ಕೇ ಸವೆಯಿತು.

ಕೊನೆಗೆ ದಾವಣಗೆರೆಯ ಗುಜರಿಯಿಂದ ಅದೇ ಥರದ ಕಾರ್ಬುರೇಟರ್ ಒಂದು ಸಿಕ್ಕಿತು. ಉಸ್ತಾದರು ಅದನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ಹೇಳಿದರು: “ಇನ್ನೊಂದು ಸಿಗಂಗಿಲ್ರೀ. ಇದಕ್ಕೂ ಕೈ ವೈರ್ ಹಾಕಿದ್ರೆ ಇದೂ ಹೋಗತೈತಿ. ಹಾಕಲಿಲ್ಲಂದ್ರೆ ಗಾಡಿ ಇನ್ನೂ ಹತ್ತು ವರ್ಷ ಓಡತೈತಿ.” ಅವರು ನನ್ನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ನೋಡಿದರು.

ಅವಳು ಸ್ಕೂಟರ್ ಓಡಿಸುವವಳು. ಕಾರು ಗ್ಯಾರೇಜು ಸೇರಿದಾಗಿನಿಂದ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಿದ್ದಳು, ನನಗೆ ಹೇಳಿಯೇ ಹೋಗುತ್ತಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲರೂ ಕೇಳಿದರು. ಬೇಡ ಅನ್ನುವುದಕ್ಕೆ ಒಂದು ಕಾರಣ ಬೇಕಲ್ಲ? ವ್ಯಾಪಾರ ನಡೆಯುತ್ತದೆ, ಜೊತೆಗೊಬ್ಬರು ಇದ್ದಂತಾಗುತ್ತದೆ, ಯಾರ ಬುಟ್ಟಿಯೂ ಅಪ್ಪಚ್ಚಿಯಾಗುವುದಿಲ್ಲ. ಎಲ್ಲ ಸರಿಯಿತ್ತು. ಕೈ ವೈರ್ ಬೇಡ, ಹಾಗೇ ಕೂರಿಸಿ ಅಂದೆ.

ಉಸ್ತಾದರು ಲಿವರ್ ಬಿಚ್ಚಿ, ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ಬೇಡ ಅಂದೆ. ಹೊಸ ಕಾರ್ಬುರೇಟರ್ ಕೂರಿಸಿ ಚಾವಿ ತಿರುಗಿಸಿದಾಗ ಕಾರು ಒಂದೇ ಸಲಕ್ಕೆ ಎದ್ದಿತು. ಅಷ್ಟು ಮೆತ್ತಗೆ ಅದು ನನ್ನ ಕೈಲಿ ಯಾವತ್ತೂ ಗುನುಗಿರಲಿಲ್ಲ. ಗ್ಯಾರೇಜಿನವರೆಲ್ಲ ನಕ್ಕರು, ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಾನು ಕಾರಿನ ಆಚೆ ಸುತ್ತಿ ಹೋಗಿ ಎಡಗಡೆಯ ಬಾಗಿಲು ತೆಗೆದೆ.

ಮುಂದಿನ ಉಳವಿ ಸಂತೆಗೆ ಅವಳೇ ಓಡಿಸಿದಳು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. “ಎಷ್ಟು ಹಗುರಾಗಿ ಹೋಗುತ್ತೆ ನೋಡ್ರೀ” ಎಂದು ಅವಳು ಸಂತೋಷಪಡುತ್ತಿದ್ದಳು. ಹೂಂ ಅನ್ನುತ್ತಿದ್ದೆ. ಅವಳ ಸಂತೋಷ ಕಂಡು ಹೊಟ್ಟೆ ಉರಿಯುತ್ತಿತ್ತು, ಉರಿಯುತ್ತಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಸಂತೆಯ ಅಂಚಿನಲ್ಲಿ ಕಾರು ನಿಂತ ತಕ್ಷಣ ಕನ್ನಡಕ ಒಡೆದುಕೊಂಡ ಒಬ್ಬ ಮುದುಕರು, ನಮ್ಮ ಹಳೇ ಗಿರಾಕಿ, ಬಲಗಡೆಯ ಕಿಟಕಿಗೆ ಬಂದರು. ಒಳಗೆ ಬಗ್ಗಿ, ಅವಳ ಮುಖಕ್ಕೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಕನ್ನಡಕದ ಯಜಮಾನ್ರು ತೀರ್ಕಂಡ್ರೇನಮ್ಮಾ? ಯಾವಾಗ?”

ಅವಳು ತಿರುಗಿ ನನ್ನನ್ನು ನೋಡಿದಳು. ಇಲ್ಲೇ ಇದ್ದೇನೆ ಅನ್ನಲು ನನಗೆ ಬಾಯಿ ಬರಲಿಲ್ಲ.