ಕಾಲು ನೋಡಿ ಸೀಟಿ ಊದಿದವರು

ಅವರ ಕುತ್ತಿಗೆ ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ಹಾದು ಮುದಗಲ್ಲಿಗೆ ಹೋಗುವ ಕೆಂಪು ಬಸ್ಸಿನ ಹಿಂಬಾಗಿಲಲ್ಲಿ ನಿಂತು, ಹತ್ತುವವರ ಕಾಲುಗಳನ್ನು ಬಗ್ಗಿ ನೋಡೀ ನೋಡೀ ಆ ಕುತ್ತಿಗೆ ಹಾಗೇ ನಿಂತುಬಿಟ್ಟಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಕಳೆದುಹೋದ ಚಪ್ಪಲಿ ಹುಡುಕುವವರಂತೆ ಕಾಣುತ್ತಿದ್ದರು. ಬಾಯಲ್ಲಿ ಸದಾ ಹಿತ್ತಾಳೆಯ ಸೀಟಿ. ಹಲ್ಲಿಗೆ ಸಿಕ್ಕು ಅದರ ತುದಿ ಚಪ್ಪಟೆಯಾಗಿತ್ತು. ನಾವು ಅವರನ್ನು ಕಂಡಕ್ಟರ್ ಕಾಕಾ ಎನ್ನುತ್ತಿದ್ದೆವು.

ಅವರಷ್ಟು ನನ್ನ ತಲೆ ತಿಂದ ಮನುಷ್ಯ ಇನ್ನೊಬ್ಬನಿಲ್ಲ.

ಹತ್ತುವವರ ಎರಡೂ ಕಾಲು ಮೆಟ್ಟಿಲ ಮೇಲೆ ಗಟ್ಟಿಯಾಗಿ ಊರುವ ತನಕ ಅವರು ಸೀಟಿ ಊದುತ್ತಿರಲಿಲ್ಲ. ಆಗಿನ ಬಸ್ಸುಗಳ ಮೆಟ್ಟಿಲೋ ಮೊಣಕಾಲಿನಷ್ಟು ಎತ್ತರ. ಮುದುಕರು ಕಂಬಿ ಹಿಡಿದು, ದೇವರನ್ನು ಕರೆದು, ಹತ್ತುವಷ್ಟರಲ್ಲಿ ಡ್ರೈವರ್ ಮುಂದಿನಿಂದ ಕೂಗುತ್ತಿದ್ದ: "ಊದಪಾ ಮಾರಾಯಾ! ಸಿಂಧನೂರು ಮುಟ್ಟೂದ್ರಾಗ ಸಂಜಿ ಆಗ್ತೈತಿ!" ಕಾಕಾಗೆ ಕೇಳಿಸುತ್ತಲೇ ಇರಲಿಲ್ಲ. ಕಾಲುಗಳ ಮೇಲೆಯೇ ಕಣ್ಣು. ಯಾರಿಗೆ ನಾರುಹುಣ್ಣು ಎದ್ದಿದೆ, ಯಾರು ಕುಡಿದು ಬಂದಿದ್ದಾರೆ, ಯಾವ ಸೊಸೆ ಸಿಟ್ಟು ಮಾಡಿಕೊಂಡು ತವರಿಗೆ ಹೊರಟಿದ್ದಾಳೆ, ಎಲ್ಲವನ್ನೂ ಕಾಲು ನೋಡಿಯೇ ಹೇಳುತ್ತಿದ್ದರು. "ಮಾರಿ ಸುಳ್ಳು ಹೇಳ್ತೈತಿ ತಮ್ಮಾ, ಕಾಲಿಗೆ ಸುಳ್ಳು ಬರಂಗಿಲ್ಲ" ಎಂಬುದು ಅವರ ವೇದ. ದಿನಾ ಕಾಲೇಜಿಗೆ ತಡವಾಗಿ ಹೋಗಿ ಬೈಸಿಕೊಳ್ಳುವವನಿಗೆ ವೇದ ರುಚಿಸುತ್ತದೆಯೇ?

ಎಂಬತ್ತರ ದಶಕದ ಕೊನೆಯ ವರ್ಷಗಳು. ಮನೆ ಮಸ್ಕಿಯಲ್ಲಿ, ಓದು ಸಿಂಧನೂರಿನಲ್ಲಿ, ಜೀವ ನಾನೂರು ಮೀಟರ್ ಓಟದಲ್ಲಿ. ಒಂದು ದಿನ ಬಿರುಕುಬಿಟ್ಟ ಎರೆಮಣ್ಣಿನ ಮೈದಾನದಲ್ಲಿ ಕೊನೆಯ ತಿರುವು ಹೊಡೆಯುವಾಗ ಬಲತೊಡೆಯ ಸಂದಿಯಲ್ಲಿ ಹಳೆಯ ಬಟ್ಟೆ ಹರಿದಂತಾಯಿತು. ಅಲ್ಲೇ ಕುಸಿದೆ. ತೊಡೆಯನ್ನು ಮೇಲೆತ್ತುವ ಸ್ನಾಯು ಹರಿದಿದೆ, ಎರಡು ತಿಂಗಳು ಓಟದ ಹೆಸರೆತ್ತಬೇಡ ಎಂದರು ಸಿಂಧನೂರಿನ ಡಾಕ್ಟರು. ಜಿಲ್ಲಾ ತಂಡದ ಆಯ್ಕೆ ಲಿಂಗಸುಗೂರಿನಲ್ಲಿ ಇನ್ನು ಆರೇ ವಾರಕ್ಕಿತ್ತು. ಅಪ್ಪ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದ: "ಈ ವರ್ಷ ಆರಿಸಿ ಬಂದ್ರ ಓಡು. ಇಲ್ಲಾ, ನಿಮ್ಮ ಮಾಮಾನ ಗೊಬ್ಬರದ ಅಂಗಡ್ಯಾಗ ಕುಂದ್ರು." ನನಗೆ ದೈಹಿಕ ಶಿಕ್ಷಣದ ತರಬೇತಿಗೆ ಸೇರುವ ಆಸೆ. ಆ ಬಾಗಿಲು ತೆರೆಯುವುದು ಜಿಲ್ಲಾ ತಂಡದಿಂದಲೇ.

ಪೆಟ್ಟಾದ ನಾಲ್ಕನೆಯ ದಿನ ಬಸ್ಸು ಹತ್ತಲು ಹೋದೆ. ಬಲಗಾಲು ಮೇಲೇಳಲಿಲ್ಲ. ಪ್ಯಾಂಟಿನ ಬಟ್ಟೆ ಹಿಡಿದು, ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟೆ. ಕಾಕಾ ಇಡೀ ಬಸ್ಸಿಗೆ ಕೇಳುವಂತೆ ಸಾರಿದರು: "ದಾರಿ ಬಿಡ್ರೆಪಾ, ಓಟಗಾರ ಬಂದಾನ! ತೊಡಿ ಹರ್ಕೊಂಡಾನ!"

ಮುಗಿಯಿತು. ನನ್ನ ತೊಡೆ ಆ ಗಳಿಗೆಯಿಂದ ಊರಿನ ಆಸ್ತಿಯಾಯಿತು. ಪಾಮನಕಲ್ಲೂರಿನ ಮುದುಕನೊಬ್ಬ ಕಾದ ಕಬ್ಬಿಣದ ಬರೆ ಹಾಕಿಸು ಎಂದ. ಇನ್ನೊಬ್ಬ ಹುಣಸೆ ಎಲೆ ಕಾಯಿಸಿ ಕಟ್ಟು ಎಂದ. ದಢೇಸುಗೂರಿಗೆ ಹೊರಟಿದ್ದ ದಪ್ಪನೆಯ ಹೆಂಗಸೊಬ್ಬಳು ಎದ್ದೇ ನಿಂತಳು. "ನಾ ಕಾಲು ಮುಂದಾಗಿ ಹುಟ್ಟೀನಿ. ಮೂರು ಸಲ ಒದ್ರ ಎಂಥಾ ಉಳುಕೂ ಬಿಡ್ತೈತಿ" ಎಂದಳು. ನಾಲ್ಕು ಜನ ಸೇರಿ ನನ್ನನ್ನು ತಿರುಗಿಸಿ ನಿಲ್ಲಿಸಿದರು. ಕಾಕಾ ಬಿಡಿಸಿಯಾರು ಎಂದು ಅವರ ಕಡೆ ನೋಡಿದರೆ ಅವರು, "ಜರಾ ಮೆಲ್ಲಕ ಒದಿಯವ್ವಾ. ಹಂಗ ಟಿಕೆಟ್ ತೋರ್ಸು" ಎಂದರು. ಉಳುಕಿಗೂ ಸ್ನಾಯು ಹರಿದದ್ದಕ್ಕೂ ವ್ಯತ್ಯಾಸ ತಿಳಿಯದ ಆ ತಾಯಿಯ ಒದೆತದಿಂದ ತೊಡೆಯ ಜೊತೆ ಸೊಂಟವೂ ನೋಯತೊಡಗಿತು.

ಅಲ್ಲಿಂದ ಮುಂದೆ ದಿನವೂ ಅದೇ ವಿಚಾರಣೆ. "ಕಾಲು ಹೆಂಗೈತಿ? ಎತ್ತು ನೋಡೂನು." ಅವಮಾನ ತಡೆಯದೆ ನಾನು ಒಂದು ಉಪಾಯ ಕಂಡುಕೊಂಡೆ. ಎಡಗಾಲನ್ನು ಮೊದಲಿಟ್ಟು, ಕಂಬಿ ಹಿಡಿದು ಜಗ್ಗಿಕೊಂಡರೆ ಬಲಗಾಲು ತಾನೇ ಹಿಂದಿನಿಂದ ಬರುತ್ತಿತ್ತು. ನೋವೂ ಕಾಣುತ್ತಿರಲಿಲ್ಲ. ಎರಡು ವಾರ ಹೀಗೇ ಹಾರಿ ಹಾರಿ ಹತ್ತಿ, "ಆರಾಮ ಆಗೀನಿ ಕಾಕಾ" ಎಂದೆ. ಅವರು "ಹೂಂ" ಎಂದರು, ಅಷ್ಟೇ. ಸಾಯಂಕಾಲ ಮೈದಾನದಲ್ಲಿ ಓಡಿಯೂ ನೋಡಿದೆ. ನೇರದಲ್ಲಿ ಪರವಾಗಿರಲಿಲ್ಲ. ತಿರುವಿನಲ್ಲಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆದರೂ ಓಡಿಬಿಡುತ್ತೇನೆ ಎಂದುಕೊಂಡೆ. ಗೊಬ್ಬರದ ಅಂಗಡಿಯ ನಾತ ಮೂಗಿಗೆ ಬಡಿಯುತ್ತಿತ್ತು.

ಆಯ್ಕೆಯ ದಿನ ಬೆಳಿಗ್ಗೆ ಅವ್ವ ಮೊಸರು ಸಕ್ಕರೆಯ ಬಟ್ಟಲು ಹಿಡಿದು ಮಸ್ಕಿಯ ಬಸ್ ನಿಲ್ದಾಣಕ್ಕೇ ಬಂದಳು. ಬೇಡವೆಂದರೂ ಕೇಳಲಿಲ್ಲ. ಲಿಂಗಸುಗೂರು ಕಡೆಯ ಬಸ್ಸು ಬಂತು. ಬಾಗಿಲಲ್ಲಿ ಅದೇ ಸೊಟ್ಟ ಕುತ್ತಿಗೆ. ನಾನು ಎಂದಿನಂತೆ ಎಡಗಾಲು ಎತ್ತಿದ್ದೇ ತಡ, ಅವ್ವ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಳು. "ಶುಭಕ್ಕ ಹೊಂಟಾವ ಎಡಗಾಲು ಇಡ್ತಾರೇನೋ? ಬಲಗಾಲಿಟ್ಟು ಹತ್ತಪಾ!"

ಕಾಕಾ ನೋಡುತ್ತಿದ್ದರು. ಬಲಗಾಲು ಎತ್ತಿದೆ. ಅರ್ಧಕ್ಕೆ ನಿಂತಿತು. ನನಗೆ ಗೊತ್ತಿಲ್ಲದಂತೆ ಕೈ ಕೆಳಗಿಳಿದು ಪ್ಯಾಂಟಿನ ಬಟ್ಟೆ ಹಿಡಿಯಿತು.

ಕಾಕಾ ಬಾಗಿಲಿಗೆ ತೋಳು ಅಡ್ಡ ಹಾಕಿದರು. "ಹಿಂದ ಸರಿ."

"ಕಾಕಾ, ಇವತ್ತ ಐತ್ರಿ ಆಯ್ಕೆ!"

"ಗೊತ್ತೈತಿ. ತನ್ನ ಕಾಲು ತಾ ಎತ್ತಾಕ ಬರವಲ್ದು, ಓಡಾಕ ಹೊಂಟಾನಂತ. ಸರಿಯಲೇ ಹಿಂದ!"

ನನ್ನ ಎದೆಗೆ ಕೈಯಿಟ್ಟು ಹಿಂದಕ್ಕೆ ಸರಿಸಿ ಸೀಟಿ ಊದಿಯೇಬಿಟ್ಟರು. ನಾನು ಕಂಡಂತೆ ಅವರು ಅಷ್ಟು ಬೇಗ ಊದಿದ್ದು ಅದೊಂದೇ ಸಲ. "ನಿನ್ನ ಬಸ್ಸಿನ ಗಾಲಿ ಉಚ್ಚಿ ಬೀಳಲಿ!" ಎಂದು ಶಪಿಸುತ್ತ ಅವ್ವ ಮೊಸರಿನ ಬಟ್ಟಲು ಹಿಡಿದೇ ಬಸ್ಸಿನ ಹಿಂದೆ ಹತ್ತು ಹೆಜ್ಜೆ ಓಡಿದಳು. ಆ ದಿನ ನಮ್ಮ ಮನೆಯಿಂದ ಓಡಿದವಳು ಅವಳೊಬ್ಬಳೇ. ಮುಂದಿನ ಬಸ್ಸು ಎರಡು ತಾಸು ತಡವಾಗಿ ಬಂತು. ನಾನು ಲಿಂಗಸುಗೂರಿನ ಮೈದಾನ ಮುಟ್ಟುವಷ್ಟರಲ್ಲಿ ನಾನೂರು ಮೀಟರ್ ಮುಗಿದು, ಗೆದ್ದವರು ಅವಲಕ್ಕಿ ತಿನ್ನುತ್ತಿದ್ದರು.

ಕಾಕಾರ ಬಸ್ಸು ಹತ್ತುವುದನ್ನು ಬಿಟ್ಟೆ. ಉಳ್ಳಾಗಡ್ಡಿ ಚೀಲ, ಆಡು, ಕೋಳಿಗಳ ಜೊತೆ ಮೆಟಡಾರ್‌ನಲ್ಲಿ ಓಡಾಡಿದೆ. ಅಪ್ಪ ಅಂಗಡಿಯ ಮಾತು ಪಕ್ಕಾ ಮಾಡಿದ. ಒಂದು ರವಿವಾರ ಆ ಸೊಟ್ಟ ಕುತ್ತಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತಿತು. ಅವ್ವ ನೀರು ಸಹ ಕೊಡಲಿಲ್ಲ. ಅವರು ಅಪ್ಪನ ಕಡೆಗಷ್ಟೇ ಮಾತಾಡಿದರು.

"ಹೊಸದಾಗಿ ನೌಕರಿ ಹತ್ತಿದ್ದೆ. ಒಬ್ಬಾಕಿ ಮುದುಕಿ ಬಸ್ ಹತ್ತಾಕತ್ತಿದ್ಲು. ಹತ್ತೀಯೇನವ್ವಾ ಅಂತ ಮಾರಿ ನೋಡಿ ಕೇಳ್ದೆ. ನಕ್ಕೋತ, ಹತ್ತೀನಿ ನಡಿಯಪಾ ಅಂದ್ಲು. ಊದಿಬಿಟ್ಟೆ. ಆಕಿ ಒಂದು ಕಾಲು ಇನ್ನಾ ನೆಲದ ಮ್ಯಾಲಿತ್ತು."

"ಹೋದ್ಲೇನು?" ಎಂದ ಅಪ್ಪ.

"ಇಲ್ಲ, ಬದುಕಿದ್ಲು. ನಡೀಲಿಲ್ಲ." ನನ್ನ ಕಾಲಿನ ಕಡೆ ಕಣ್ಣು ಹಾಯಿಸಿ, "ನಿಮ್ಮ ಹುಡುಗನೂ ನಕ್ಕೋತ ಆರಾಮ ಅಂತಾನ್ರಿ. ಇನ್ನೊಂದು ವರ್ಷ ಕೊಡ್ರಿ ಅವ್ಗ" ಎಂದರು.

ಅಪ್ಪ ಒಪ್ಪಿದ. ಬೆಳಿಗ್ಗೆ ಓಟ, ಕಾಲೇಜು, ಆಮೇಲೆ ಗೊಬ್ಬರ ಎಂದು ಕರಾರಾಯಿತು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಯಾವ ಮುದುಕಿಯದೋ ಕಾಲಿನ ದಂಡ ನಾನೇಕೆ ತೆರಬೇಕು ಎಂದು ಒಳಗೊಳಗೇ ಕುದಿದೆ.

ಮರುದಿನದಿಂದ ಹೊಸ ಕಾಟ. ಅಂಗಡಿಯೂ ಇದ್ದದ್ದು ಸಿಂಧನೂರಿನಲ್ಲೇ, ಅಪ್ಪ ಕಾಕಾರ ಬಸ್ಸಿಗೇ ಹೋಗು ಎಂದಿದ್ದ. ಅವರು ಬಾಗಿಲಲ್ಲಿ ನಿಂತು, "ಕೈ ಹಿಂದ ಕಟ್ಟು. ಬಲಗಾಲು ಎತ್ತು" ಎನ್ನುವರು. ಏಳದಿದ್ದರೆ, "ಹೂಂ, ಎಡಗಾಲಿಟ್ಟು ಬಾ. ನಾಳಿ ನೋಡೂನು." ಒಳಗಿನ ಜನ ನನಗೂ ಅವರಿಗೂ ಸೇರಿಸಿ ಬೈಯುವರು. ವಾರಗಟ್ಟಲೆ ಹೀಗೇ ನಡೆಯಿತು. ಮೊದಲು ಒಂದು ಗೇಣು ಎದ್ದಿತು, ಆಮೇಲೆ ಒಂದೂವರೆ. ಒಂದು ಮುಂಜಾನೆ ಕೈ ಕಟ್ಟಿಯೇ ಇತ್ತು, ಬಲಗಾಲು ಸಲೀಸಾಗಿ ಹೋಗಿ ಮೆಟ್ಟಿಲ ಮೇಲೆ ಕೂತಿತು. ನನಗೇ ನಂಬಿಕೆಯಾಗಲಿಲ್ಲ. ಭೇಷ್ ಎನ್ನುತ್ತಾರೆ ಎಂದು ಮುಖ ನೋಡಿದೆ. "ಏನ್ ನೋಡ್ತಿ, ಇನ್ನೊಂದು ಕಾಲು ತಗೋ" ಎಂದು, ಅದನ್ನೂ ನೋಡಿ, ಸೀಟಿ ಊದಿದರು.

ಮರುವರ್ಷ ಅದೇ ಲಿಂಗಸುಗೂರಿನಲ್ಲಿ ಎರಡನೆಯವನಾಗಿ ಬಂದೆ. ತರಬೇತಿ ಸಿಕ್ಕಿತು, ನೌಕರಿ ಸಿಕ್ಕಿತು, ಅದೂ ಲಿಂಗಸುಗೂರಿನಲ್ಲೇ. ಅವರು ಮಾಡಿದ್ದು ಸರಿ ಎಂದು ಮಾತ್ರ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನಿವೃತ್ತಿಯಾಗಿ ಅವರು ಮುದಗಲ್ಲಿನ ಮನೆ ಸೇರಿದ ಮೇಲೂ ಸಿಕ್ಕಾಗಲೆಲ್ಲ, "ಆ ವರ್ಷ ಬಸ್ ಹತ್ತಾಕ ಬಿಟ್ಟಿದ್ರ ಮೊದಲನೇದಾವ ಆಗ್ತಿದ್ದೆ ಕಾಕಾ" ಎಂದು ಕೆಣಕುತ್ತಿದ್ದೆ. "ಹೂಂ" ಎನ್ನುತ್ತಿದ್ದರು, ನನ್ನ ಚಪ್ಪಲಿ ನೋಡುತ್ತ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ, ಕಾಕಾ ಹೋದರೆಂದು ಮುದಗಲ್ಲಿನಿಂದ ಸುದ್ದಿ ಬಂತು. ಶಾಲೆ ಬಿಟ್ಟು ನಿಲ್ದಾಣಕ್ಕೆ ಓಡಿದೆ. ಹೊರಟು ನಿಂತ ಬಸ್ಸಿಗೆ ಬಲಗಾಲಿಟ್ಟೆ. ಎಡಗಾಲು ಇನ್ನೂ ನೆಲದ ಮೇಲಿತ್ತು, ಸೀಟಿ ಕೇಳಿಸಿತು. ಬಸ್ಸು ಜಗ್ಗಿತು. ಕಂಬಿಗೆ ಜೋತುಬಿದ್ದು ಹೇಗೋ ಒಳಗೆ ಬಂದೆ.

"ಹತ್ತಿದ್ರಲ್ರೀ ಸರ್" ಎಂದ ಕಂಡಕ್ಟರ್. "ಮಾರಿ ನೋಡೇ ಊದೀನಿ."

"ಮಾರಿ ಏನ್ ನೋಡ್ತೀಯೋ!" ಇಡೀ ಬಸ್ಸು ತಿರುಗಿ ನೋಡುವಂತೆ ಅರಚಿದೆ. "ಕಾಲು ನೋಡು! ಕಾಲು ನೋಡಿ ಊದಬೇಕು!"

ಸೀಟಿನಲ್ಲಿ ಕುಸಿದು ಕೂತೆ. ಅಳು ನಿಲ್ಲಲಿಲ್ಲ. ಹತ್ತು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತನ್ನು, ಕೇಳಬೇಕಾದವರು ಹೋದ ದಿನ, ಯಾರೋ ಗುರುತಿಲ್ಲದವನ ಮೇಲೆ ಒದರಿದ್ದೆ.

ಮುಂದಿನ ನಿಲ್ದಾಣದಲ್ಲಿ ಒಬ್ಬ ಮುದುಕಿ ಹತ್ತತೊಡಗಿದಳು. ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟುಕೊಂಡು ನನ್ನನ್ನೊಮ್ಮೆ ದುರುಗುಟ್ಟಿ ನೋಡಿದ. ಆಮೇಲೆ ಬೇಸರದಿಂದ ಕುತ್ತಿಗೆಯನ್ನು ಎಡಕ್ಕೆ ಬಗ್ಗಿಸಿ ಕೆಳಗೆ ನೋಡುತ್ತ ನಿಂತ. ಮುದುಕಿಯ ಎರಡನೆಯ ಕಾಲು ಮೇಲೆ ಬಂದ ಮೇಲೆ ಊದಿದ.