ಅಖಾಡದಲ್ಲಿ ನಡೆದು ಹೋದ ಹೋರಿ

ಮೊನ್ನೆ ಬೆಳಿಗ್ಗೆ ಎದುರು ಮನೆಯವರು ಒಂದು ಕಂತೆ ಲಕ್ಕಿ ಸೊಪ್ಪು ತಂದು, ನಾನು ಬೇಡ ಬೇಡ ಎನ್ನುತ್ತಿದ್ದರೂ ನಮ್ಮ ಒಲೆಯ ಮೇಲೆ ಕುದಿಯಲು ಇಟ್ಟುಬಿಟ್ಟರು. ಅದರ ಕಾವು ಕೊಟ್ಟರೆ ನನ್ನ ಕಾಲು ಬೇಗ ಸರಿಹೋಗುತ್ತದಂತೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಮೆಟ್ಟಿಲಿಳಿಯುವಾಗ ಕಾಲು ತಪ್ಪಿ, ಹಿಮ್ಮಡಿಯ ಮೇಲಿನ ನರ ಹರಿದುಕೊಂಡು ಕೂತವಳು ನಾನು. ಡಾಕ್ಟರು ಅದಕ್ಕೆ ಟೆಂಡನ್ ಎನ್ನುತ್ತಾರೆ, ನಮ್ಮ ಕಡೆ ಎಲ್ಲವೂ ನರವೇ. ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಆಮೇಲೆ ಒಂದು ದಪ್ಪ ಬೂಟು ತೊಡಿಸಿ, ಈಗ ಕೋಲು ಕೊಟ್ಟು ನಿಧಾನವಾಗಿ ನಡೆಯಿರಿ ಎಂದಿದ್ದಾರೆ. ಅವರನ್ನು ಕೇಳದೆ ಕಾವು ಕೊಡಿಸಿಕೊಳ್ಳುವವಳು ನಾನಲ್ಲ. ಆದರೆ ಸೊಪ್ಪಿನ ಆ ಕಟು ವಾಸನೆ ಮನೆ ತುಂಬ ಹಬ್ಬಿತು, ನಾನು ಕೂತಲ್ಲಿಂದಲೇ ಬಹಳ ಹಿಂದಿನ ಒಂದು ದನದ ಕೊಟ್ಟಿಗೆಗೆ ಹೋಗಿಬಿಟ್ಟೆ…

ನಾನು ಹುಟ್ಟಿದ್ದು ಉಳವಿ ಕಡೆ. ಮದುವೆಯಾಗಿ ಹೋದದ್ದು ಶಿಕಾರಿಪುರ ತಾಲ್ಲೂಕಿಗೆ, ಉಡುತಡಿಯಿಂದಾಚೆಗಿನ ಒಂದು ಹಳ್ಳಿಗೆ. ಗಂಡನ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅದರಾಚೆ ಇದ್ದವಳು ದೊಡ್ಡವ್ವ. ನಮಗೆ ಸಂಬಂಧಿಯೇನಲ್ಲ, ಓಣಿಗೆಲ್ಲ ಅವಳು ದೊಡ್ಡವ್ವ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಮೈದುನನ ಸಂಸಾರದ ಜೊತೆ ಕೂಡಿ ಬಾಳುವೆ. ಅವಳ ಬಾಯಿಗೆ ಹೆದರದವರು ಊರಲ್ಲಿರಲಿಲ್ಲ. ಹೊಸ ಸೊಸೆಯಾದ ನಾನಂತೂ ಮೊದಲ ತಿಂಗಳು ಗೋಡೆಯ ಹತ್ತಿರವೇ ಸುಳಿಯಲಿಲ್ಲ.

ಆ ಮನೆಯಲ್ಲಿ ಒಂದು ಹೋರಿ ಇತ್ತು. ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ. ಹೋರಿಗೆ ಜೂಲ ಹೊದಿಸಿ, ಕೊಂಬಿಗೆ ರಿಬ್ಬನ್ನು ಬಲೂನು ಕಟ್ಟಿ, ಕೊರಳಿಗೆ ಒಣ ಕೊಬ್ಬರಿಯ ಸರ ಹಾಕಿ, ಎರಡೂ ಬದಿ ಜನ ನಿಂತ ಅಖಾಡದಲ್ಲಿ ಬಿಡುತ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಕೊಬ್ಬರಿ ಹರಿದುಕೊಂಡವನು ಗಂಡು, ಹರಿಯಗೊಡದೆ ಪಾರಾದ ಹೋರಿ ಊರಿಗೇ ದೊರೆ. ದೊಡ್ಡವ್ವನ ಹೋರಿ ಅಂಥ ದೊರೆ. ಅದಕ್ಕೆ ಒಂದು ಅಭಿಮಾನಿ ಬಳಗವಿತ್ತು, ಬಳಗಕ್ಕೆ ಒಂದೇ ಬಣ್ಣದ ಟೀ ಶರ್ಟುಗಳಿದ್ದವು, ಫ್ಲೆಕ್ಸಿನಲ್ಲಿ ಹೋರಿಯ ಹೆಸರಿನ ಮುಂದೆ ಎರಡು ಸಾಲಿನ ಬಿರುದಿತ್ತು. ದೊಡ್ಡವ್ವ ಮಾತ್ರ ಅದನ್ನು ಕೆಂಚ ಎಂದೇ ಕರೆಯುತ್ತಿದ್ದಳು.

ನಾನು ಮದುವೆಯಾಗಿ ಹೋದ ವರ್ಷವೇ ಪಕ್ಕದೂರಿನ ಅಖಾಡದಲ್ಲಿ ಕೆಂಚನ ಮುಂಗಾಲು ಚರಂಡಿಯ ಅಂಚಿಗೆ ಸಿಕ್ಕಿ ಹೊರಳಿತು. ಮೂಳೆ ಮುರಿದಿರಲಿಲ್ಲ, ಗೊರಸಿನ ಮೇಲಿನ ದಪ್ಪ ನರ ಅರ್ಧ ಹರಿದಿತ್ತು. ದನದ ಡಾಕ್ಟರು ಬಂದು ಪಟ್ಟಿ ಬಿಗಿದು, ಈ ನರ ಕೂಡಿಕೊಳ್ಳಲು ಬಹಳ ಕಾಲ ಬೇಕು, ಅವಸರ ಮಾಡಿದರೆ ಕಾಲು ಜನ್ಮಕ್ಕೆ ಹೋಯಿತು ಎಂದು ಹೇಳಿ ಹೋದರು. ದೊಡ್ಡವ್ವ ಆ ಮಾತು ಹಿಡಿದಳು ನೋಡಿ, ಬಿಗಿಯಾಗಿಯೇ ಹಿಡಿದಳು. ಕೆಂಚನನ್ನು ಕೊಟ್ಟಿಗೆಯಿಂದ ಹೊರಗೇ ಬಿಡಲಿಲ್ಲ. ಕೂತಲ್ಲೇ ಮೇವು, ಕೂತಲ್ಲೇ ನೀರು, ಹೊತ್ತು ಹೊತ್ತಿಗೆ ಲಕ್ಕಿ ಸೊಪ್ಪಿನ ಕಾವು. ಮತ್ತೆ ಬಂದ ಡಾಕ್ಟರು ಹೋರಿಯ ಕಾಲು ಸೊರಗಿದ್ದು ನೋಡಿ ಸಿಟ್ಟಾದರು. ಅವಸರ ಬೇಡ ಎಂದರೆ ಕಟ್ಟಿ ಹಾಕಿ ಎಂದಲ್ಲ, ಇನ್ನು ದಿನಾ ಸ್ವಲ್ಪ ಸ್ವಲ್ಪ ನಡೆಸಬೇಕು, ಕಾಲು ಊದಿದರೆ ಮರುದಿನ ಕಡಿಮೆ ಮಾಡಬೇಕು ಎಂದರು. ದೊಡ್ಡವ್ವ ಎದುರು ಮಾತಾಡದೆ ಬೈಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಂದಿನಿಂದ ಶುರುವಾಯಿತು ಅವರಿಬ್ಬರ ನಡಿಗೆ. ಬೆಳಿಗ್ಗೆ ಅಂಗಳ ಗುಡಿಸುವ ಹೊತ್ತಿಗೆ ದೊಡ್ಡವ್ವ ಹಗ್ಗ ಹಿಡಿದು ಹೊರಡುತ್ತಿದ್ದಳು. ಮೊದಮೊದಲು ಓಣಿಯ ಬಾಯಿವರೆಗೆ, ಆಮೇಲೆ ಬೇವಿನ ಮರದವರೆಗೆ, ಮಳೆಗಾಲ ಕಳೆಯುವಷ್ಟರಲ್ಲಿ ಕೆರೆ ಏರಿಯವರೆಗೆ. ಬಂದ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಕಾಲನ್ನು ಕೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಬಿಸಿ ಇದ್ದರೆ ಮರುದಿನ ಅರ್ಧ ದಾರಿಗೇ ವಾಪಸು. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಹೋರಿ ಯಾವಾಗ ಓಡ್ತದೆ? ಕೇಳಿದವರಿಗೆಲ್ಲ ಬೈಗುಳ ಖಾತ್ರಿ. ಗೋಡೆಯ ಈಚೆ ಪಾತ್ರೆ ತಿಕ್ಕುತ್ತ ಅದನ್ನು ಕೇಳುವುದು ನನಗೆ ರೂಢಿಯಾಯಿತು, ಹೆದರಿಕೆ ಹೋಗಿ ಮೋಜೆನಿಸತೊಡಗಿತು.

ಹಬ್ಬ ಹತ್ತಿರ ಬಂದಂತೆ ಮನೆಯೊಳಗೇ ಬಿಸಿ ಏರಿತು. ಕೆಂಚನಿಂದ ಮೈದುನನಿಗೆ ಸುತ್ತ ಏಳೂರಲ್ಲಿ ಹೆಸರಿತ್ತು. ಬಳಗದವರು ದಿನಾ ಬಂದು ಅವನ ಕಿವಿ ಊದುತ್ತಿದ್ದರು. ಹೋರಿ ಕುಂಟುವುದಿಲ್ಲವಲ್ಲ, ಇನ್ನೇನು ತೊಂದರೆ? ಒಂದು ಸಂಜೆ ಅವನು ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ.

“ನೋಡತ್ತಿಗೆ, ಈ ಹಬ್ಬಕ್ಕೆ ಇದು ಅಖಾಡಕ್ಕಿಳೀಬೇಕು. ಇಲ್ಲಾಂದ್ರೆ ಮುಂದಿನ ಸಂತೀಗೆ ಹೊಡಕೊಂಡು ಹೋಗ್ತೀನಿ. ಕುಂತು ತಿನ್ನೋ ಹೋರಿ ನಮಗ್ಯಾಕೆ?”

ದೊಡ್ಡವ್ವ ಮೇವು ಹಾಕುವುದನ್ನು ನಿಲ್ಲಿಸಲಿಲ್ಲ. “ಇಳಸ್ತೀನಿ ಹೋಗಪ್ಪ,” ಎಂದಳು, ಅಷ್ಟೇ.

ಸಂತೆಗೆ ಹೋದ, ಕಾಲು ಕೆಟ್ಟ ಹೋರಿಯ ಗತಿ ಯಾರಿಗೆ ಗೊತ್ತಿಲ್ಲ? ಹಾಗೆಂದು ಓಡಿಸಿದರೆ ಕಾಲು ಹೋಗುತ್ತದೆ, ಆಮೇಲೂ ಅದೇ ಸಂತೆ. ಕೊನೆಗೆ ದೊಡ್ಡವ್ವನೂ ಸೋತಳಲ್ಲ ಎಂದು ನನಗೆ ಅವಳ ಮೇಲೇ ಕೋಪ ಬಂತು.

ಹಬ್ಬದ ದಿನ ನಾವು ಹೆಂಗಸರು ಅಖಾಡದ ಬದಿಯ ಮಾಳಿಗೆ ಹತ್ತಿ ನಿಂತಿದ್ದೆವು. ಒಂದೊಂದೇ ಹೋರಿ ಧೂಳೆಬ್ಬಿಸಿ ಹೋಯಿತು. ಮೈಕಿನವನು ಕೆಂಚನ ಬಿರುದನ್ನೆಲ್ಲ ಕೂಗಿದ, ಬಳಗದವರು ಸಿಳ್ಳೆ ಹಾಕಿದರು. ಕೆಂಚ ಬಂತು. ಮೈಮೇಲೆ ಜೂಲ, ಕೊರಳ ತುಂಬ ಕೊಬ್ಬರಿ. ಪಕ್ಕದಲ್ಲಿ, ಮೂಗುದಾರದ ಹತ್ತಿರವೇ ಹಗ್ಗ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡವ್ವ. ಇಬ್ಬರೂ ನಡೆಯುತ್ತಿದ್ದರು. ಕೆರೆ ಏರಿಗೆ ಹೋಗುವಾಗ ನಡೆಯುತ್ತಿದ್ದ ಹಾಗೆಯೇ…

ಎರಡೂ ಬದಿಯಿಂದ ನಗು, ಕೂಗು, ಕೇಕೆ. ಹೋರಿ ಮದುವೆಗೆ ಹೊಂಟೈತೇನು ದೊಡ್ಡವ್ವ ಎಂದು ಮೈಕಿನವನೇ ಕೇಳಿದ. ಹಲಗೆಯವರು ಇನ್ನೂ ಜೋರಾಗಿ ಬಾರಿಸಿದರು. ಆ ಸದ್ದಿಗೆ ಕೆಂಚನ ಕಿವಿ ನಿಮಿರಿತು, ಮೈ ಕಂಪಿಸಿತು. ಓಡುವುದೇ ಅದಕ್ಕೆ ಗೊತ್ತಿದ್ದದ್ದು. ಅದು ಒಮ್ಮೆ ನೆಗೆದಿದ್ದರೆ ಹಿಡಿಯುವ ಬಲ ಆ ಮುದುಕಿಗೆ ಎಲ್ಲಿತ್ತು? ವರ್ಷವಿಡೀ ಮಾಡಿದ್ದೆಲ್ಲ ಮಣ್ಣುಪಾಲಾಗುತ್ತಿತ್ತು. ನಾನು ಮಾಳಿಗೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ದೊಡ್ಡವ್ವ ಅದರ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಲೇ ಇದ್ದಳು. “ಇವತ್ತು ಬ್ಯಾಡ ಮಗನೆ, ಇವತ್ತು ಬ್ಯಾಡ” ಎಂದಳಂತೆ, ಆಮೇಲೆ ನಾನೇ ಕೇಳಿ ತಿಳಿದುಕೊಂಡೆ.

ಅಷ್ಟರಲ್ಲಿ ಒಬ್ಬ ದಾಂಡಿಗ ಮುಂದೆ ನುಗ್ಗಿ ಕೊಬ್ಬರಿ ಸರಕ್ಕೆ ಕೈ ಚಾಚಿದ. ದೊಡ್ಡವ್ವ ನಿಂತಳು, ಕೆಂಚನೂ ನಿಂತಿತು.

“ಓಡೋ ಹೋರೀದು ಹರಿದ್ರೆ ಗಂಡಸ್ತನ ಕಣಲೇ. ನಡಿಯೋದ್ರದು ಹರಿದ್ರೆ ಕಳ್ಳತನ. ಯಾವುದು ಬೇಕು ನೋಡ್ಕ.”

ಚಾಚಿದ ಕೈ ಅಲ್ಲೇ ನಿಂತಿತು. ಈ ಸಲ ಜನ ನಕ್ಕದ್ದು ಅವನನ್ನು ನೋಡಿ. ಅಖಾಡದ ಕೊನೆ ಮುಟ್ಟುವವರೆಗೆ ಮತ್ತೊಬ್ಬ ಮುಂದೆ ಬರಲಿಲ್ಲ. ಕೊನೆಯಲ್ಲಿ ಮೈದುನ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ದೊಡ್ಡವ್ವ ಹಗ್ಗವನ್ನು ಅವನ ಕೈಗಿತ್ತು, “ಅಖಾಡಕ್ಕಿಳಿಸು ಅಂದಿದ್ದಿ, ಇಳಿಸೀನಿ. ಒಂದು ಕೊಬ್ರಿ ಹೋಗಿಲ್ಲ, ಎಣಿಸ್ಕ,” ಎಂದು ಮನೆಯ ದಾರಿ ಹಿಡಿದಳು. ಅಷ್ಟು ಜನರೆದುರು ಅವಳು ಹಾಗೆಂದ ಮೇಲೆ ಅವನು ಮತ್ತೆ ಸಂತೆಯ ಮಾತೆತ್ತಲಿಲ್ಲ.

ಮರುವರ್ಷ ಕೆಂಚ ಓಡಿತು. ಓಡಿತು ಎಂದರೆ ಹೇಗೆ, ಮಾಳಿಗೆ ಮೇಲಿದ್ದ ನಮಗೆ ಬರೀ ಧೂಳು ಕಂಡಿತು. ಊರೆಲ್ಲ ಕುಣಿಯುತ್ತಿದ್ದಾಗ ದೊಡ್ಡವ್ವ ಕೊಟ್ಟಿಗೆಯಲ್ಲಿ ಕೂತು ಆ ಕಾಲನ್ನು ಒತ್ತಿ ನೋಡುತ್ತಿದ್ದಳು. “ಬಿಸಿ ಇಲ್ಲ ಬಿಡು,” ಎಂದು ಗೋಡೆಯಾಚೆಯಿಂದ ನನಗೆ ಹೇಳಿದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಅದನ್ನು ಕಂಡೆನೆಂದು ಗೊತ್ತಾಗಿದ್ದರೆ ನನಗೂ ನಾಲ್ಕು ಬೀಳುತ್ತಿದ್ದವು.

ಆಮೇಲೆ ನಾವು ಸೊರಬಕ್ಕೆ ಬಂದೆವು. ಕೆಂಚ ಮುದಿಯಾಗಿ ಆ ಕೊಟ್ಟಿಗೆಯಲ್ಲೇ ಸತ್ತಿತಂತೆ. ದೊಡ್ಡವ್ವನೂ ಹೋದಳು. ಮಣ್ಣಿಗೆ ಹೋಗಿದ್ದೆ, ಪದ್ಧತಿಯಂತೆ ಅವಳನ್ನು ಕೂರಿಸಿದ್ದರು… ಅಷ್ಟು ಮಾತಾಡುತ್ತಿದ್ದವಳು ಅಷ್ಟು ಸುಮ್ಮನೆ ಕೂತದ್ದನ್ನು ನೋಡಲಾಗದೆ ಬೇಗ ಎದ್ದು ಬಂದುಬಿಟ್ಟೆ.

ಈಗ ನನ್ನ ಸರದಿ. ಬಂದವರೆಲ್ಲ ಕಾಲು ನೋಡುತ್ತಾರೆ, ಇನ್ನೂ ಕೋಲು ಬಿಟ್ಟಿಲ್ಲವೇ ಎನ್ನುತ್ತಾರೆ. ನಾದಿನಿಯ ಮಗಳ ಮದುವೆ ಹತ್ತಿರ ಬಂದಿದೆ. “ಅಷ್ಟೊತ್ತಿಗೆ ನೀವು ಆರಾಮಾಗಿ ಓಡಾಡಬೇಕ್ರೀ ಅತ್ತಿಗೆ, ನೀವಿಲ್ದೆ ನಡೆಯಂಗಿಲ್ಲ” ಎಂದು ಅವಳು ಫೋನಿನಲ್ಲಿ ಹೇಳುತ್ತಾಳೆ, ಪ್ರೀತಿಯಿಂದಲೇ. ಬರುತ್ತೇನೆ, ಆದರೆ ಕೋಲು ಹಿಡಿದು ಬಂದು ಕುರ್ಚಿಯಲ್ಲಿ ಕೂರುತ್ತೇನೆ, ಬಡಿಸಲು ಬೇರೆ ಯಾರನ್ನಾದರೂ ನೋಡಿಕೋ ಎಂದೆ. ಅವಳಿಗೆ ಬೇಜಾರಾಯಿತು. ಆಗಲಿ. ನನ್ನ ಕಾಲಿಗೆ ಮದುವೆಯ ಮುಹೂರ್ತ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಮೊದಲ ಸಲ ಮನೆಯಿಂದ ರಸ್ತೆಯ ತಿರುವಿನವರೆಗೆ ನಡೆದೆ. ವಾಪಸು ಬರುವಾಗ ಹಿಂದೆ ಒಬ್ಬ ಬೈಕಿನವನು ಹಾರ್ನ್ ಹೊಡೆದ, ಮತ್ತೆ ಹೊಡೆದ, ಬೇಗ ನಡೀರಮ್ಮ ಎಂದು ಕೂಗಿದ. ಅವನಿಗೆ ತಕ್ಕ ಉತ್ತರ ಕೊಡಲು ದೊಡ್ಡವ್ವ ಇರಬೇಕಿತ್ತು ಎನ್ನಿಸಿತು. ಅವಳಿಲ್ಲ. ಬೇರೆ ದಾರಿ ಕಾಣದೆ ನಾನೇ ಕೋಲೂರಿ ನಿಂತು, ತಿರುಗಿ, ಅವನ ವಂಶವನ್ನೆಲ್ಲ ಸೇರಿಸಿ ಬೈದೆ. ಆಮೇಲೆ ಮೊದಲಿನಷ್ಟೇ ನಿಧಾನವಾಗಿ ನಡೆದು ಮನೆಗೆ ಬಂದೆ.