ತೋಟ ಮಾಡಲು ಬಂದವರು

ಶಾಲೆಯ ಆಯಾಗೆ ಮಕ್ಕಳು ಇಟ್ಟ ಹೆಸರು ದುರ್ಬೀನಕ್ಕ. ಯಾರ ಪೆನ್ಸಿಲ್ ಯಾರ ಚೀಲ ಸೇರಿದೆ, ಯಾವ ಮೇಷ್ಟ್ರು ಹಿಂಬಾಗಿಲಿಂದ ಜಾರಿಕೊಂಡರು, ಎಲ್ಲ ಅವಳಿಗೆ ಗೊತ್ತು. ಗಂಡ ತೀರಿಕೊಂಡ ವರ್ಷ ಪೊರಕೆ ಹಿಡಿದು ಬಂದವಳು, ಇಪ್ಪತ್ತೆರಡು ವರ್ಷದಿಂದ ಅದೇ ಐದು ಕೋಣೆ, ಅದೇ ಅಂಗಳ ಗುಡಿಸುತ್ತಿದ್ದಾಳೆ.

ಒಂದು ಮಧ್ಯಾಹ್ನ ಹೆಡ್‌ಮಿಸ್ ಕರೆದು ಹೇಳಿದರು: "ಅಕ್ಕಾ, ಭಾನುವಾರ ಬೆಳಿಗ್ಗೆ ಗೇಟು ತೆಗೀಬೇಕು. ಸುತ್ತಲಿನ ಜನ ಬಂದು ಹಿತ್ತಲಲ್ಲಿ ಮಕ್ಕಳಿಗೆ ತರಕಾರಿ ತೋಟ ಮಾಡಿಕೊಡ್ತಾರಂತೆ. ಪುಕ್ಕಟೆ."

"ಪುಕ್ಕಟೆ ಯಾಕಂತೆ?"

"ಒಳ್ಳೆ ಮನಸ್ಸಿಂದ."

"ಒಳ್ಳೆ ಮನಸ್ಸಿನವರು ಹದಿನಾಲ್ಕು ವರ್ಷದ ಹಿಂದೆನೂ ಬಂದಿದ್ರು ಮೇಡಂ. ಆಗ ನೀವಿರಲಿಲ್ಲ."

ಆಗ ಬಂದವನು ಪಕ್ಕದ ಗೋದಾಮಿನ ಮಾಲೀಕ. ಶಾಲೆಗೆ ಕಾಂಪೌಂಡು ಗೋಡೆ ಕಟ್ಟಿಕೊಡ್ತೀನಿ ಅಂದ. ಗೋಡೆ ಎದ್ದು ನಿಂತಾಗ ಮಕ್ಕಳು ಓಡುತ್ತಿದ್ದ ಬಯಲು ಅರ್ಧಕ್ಕೆ ಅರ್ಧ ಮಾಯ. ಗಡಿಕಲ್ಲು ಕಿತ್ತದ್ದನ್ನು ದುರ್ಬೀನಕ್ಕ ಕಣ್ಣಾರೆ ಕಂಡಿದ್ದಳು, ಕೂಗಾಡಿದ್ದಳು. ಆಗಿನ ಹೆಡ್‌ಮಾಸ್ತರು, "ನಿನ್ನ ಕೆಲಸ ಗುಡಿಸೋದು. ಗುಡಿಸು" ಅಂದುಬಿಟ್ಟರು. ಅಂದಿನಿಂದ ಅವಳು ಮಜ್ಜಿಗೆಯನ್ನೂ ಊದಿ ಕುಡಿಯುವ ಜಾತಿ.

ಭಾನುವಾರ ಏಳೆಂಟು ಜನ ಬಂದರು. ಎದುರು ಬೀದಿಯ ದರ್ಜಿ, ಅವನ ಹೆಂಡತಿ, ಆಸ್ಪತ್ರೆಯ ನರ್ಸಮ್ಮ, ಇನ್ನು ಕೆಲವರು. ಮೆಟ್ಟಿಲ ಮೇಲೆ ಕೂತು ಅವಳು ಎಲ್ಲರನ್ನೂ ಅಳೆದಳು. ದರ್ಜಿಗೆ ಗುದ್ದಲಿ ಹಿಡಿಯಲೇ ಬರುತ್ತಿರಲಿಲ್ಲ, ಅವನಿಂದ ಅಪಾಯವಿಲ್ಲ. ನರ್ಸಮ್ಮ ಬಾಯಿಬಡುಕಿ, ಬಾಯಿಬಡುಕರ ಹೊಟ್ಟೆಯಲ್ಲಿ ಗುಟ್ಟು ನಿಲ್ಲೋದಿಲ್ಲ. ಅವಳ ಕಣ್ಣು ನೆಟ್ಟಿದ್ದು ಬಿಳಿ ಟೋಪಿಯ ಯಜಮಾನರ ಮೇಲೆ. ಅರವತ್ತೈದು ದಾಟಿದ ಮನುಷ್ಯ, ಮಾತೇ ಇಲ್ಲ. ಎಲ್ಲರೂ ನಡುವೆ ಪಾತಿ ಮಾಡುತ್ತಿದ್ದರೆ ಅವರೊಬ್ಬರು ಗೋಡೆಯ ಬುಡದಲ್ಲಿ ಹೆಜ್ಜೆ ಎಣಿಸುತ್ತಾ ನಡೆದರು.

"ಏನು ಹುಡುಕ್ತಿದೀರಾ?"

"ಇಲ್ಲಿ ಅವರೆ ಬಳ್ಳಿ ಹಬ್ಬಿಸೋಣ ಅಂತ" ಅಂದರು, ಮುಖ ನೋಡದೆ.

ಮುಂದಿನ ಭಾನುವಾರವೂ ಅವರು ಅಲ್ಲೇ. ಅದರ ಮುಂದಿನ ವಾರವೂ ಅಲ್ಲೇ. ಅಗೆಯುತ್ತಾರೆ, ಮುಚ್ಚುತ್ತಾರೆ, ಎರಡು ಹೆಜ್ಜೆ ಸರಿದು ಮತ್ತೆ ಅಗೆಯುತ್ತಾರೆ. ಹೆಡ್‌ಮಿಸ್‌ಗೆ ಹೇಳಿದರೆ, "ಅಕ್ಕಾ, ನಿನಗೆ ಇಲಿ ಕಂಡರೂ ಹುಲಿ" ಎಂದು ನಕ್ಕರು. ದುರ್ಬೀನಕ್ಕ ನಗಲಿಲ್ಲ. ಗೋದಾಮಿನವನು ಉಳಿದರ್ಧಕ್ಕೂ ಕಣ್ಣು ಹಾಕಿ ಇವರನ್ನು ಕಳಿಸಿದ್ದಾನೆ ಎಂದು ಮನಸ್ಸಲ್ಲೇ ತೀರ್ಮಾನಿಸಿದಳು.

ನಾಲ್ಕನೇ ಭಾನುವಾರ, ಉಳಿದವರು ಚಹಾ ಕುಡಿಯಲು ಒಳಗೆ ಹೋದಾಗ, ಅವಳು ನೀರಿನ ತೊಟ್ಟಿಯ ಹಿಂದೆ ನಿಂತಳು. ಯಜಮಾನರು ಮೊಣಕಾಲಾಳದ ಗುಂಡಿಯಲ್ಲಿ ಇಳಿದಿದ್ದರು. ಸಲಿಕೆ ಏನಕ್ಕೋ ಠಣ್ ಎಂದು ತಗುಲಿತು. ಅವರು ಮಂಡಿಯೂರಿ ಕೈಯಿಂದ ಮಣ್ಣು ಸರಿಸತೊಡಗಿದರು.

"ಅವರೆ ಬೀಜಕ್ಕೆ ಇಷ್ಟು ಆಳ ಯಾಕ್ರೀ ಯಜಮಾನ್ರೇ?"

ಅವರು ಬೆಚ್ಚಿಬಿದ್ದರು. ಗುಂಡಿಯಲ್ಲಿ ಒಂದು ಕಲ್ಲು ಅಡ್ಡ ಮಲಗಿತ್ತು. ಅದರ ತಲೆಯ ಮೇಲೆ ನಂಬರು ಕೆತ್ತಿದ್ದರು. ಗಡಿಕಲ್ಲು! ಅವಳಿಗೆ ಅದನ್ನು ಗುರುತಿಸಲು ಕ್ಷಣವೂ ಬೇಕಾಗಲಿಲ್ಲ.

"ಇದು ಇಲ್ಲಿದೆ ಅಂತ ನಿಮಗೆ ಹೇಗೆ ಗೊತ್ತು?"

ಯಜಮಾನರು ಗುಂಡಿಯ ಅಂಚಿನಲ್ಲಿ ಕೂತರು. "ನಾನು ಸರ್ವೆಯರ್ ಆಗಿದ್ದೆನಮ್ಮ. ಇದನ್ನ ಕಿತ್ತು ತಂದು ಈ ಗೋಡೆ ಬುಡದಲ್ಲಿ ಹೂಳೋವಾಗ ಗೋದಾಮಿನ ಆಳುಗಳ ಹಿಂದೆ ನಿಂತಿದ್ದೆ. ತಪ್ಪು ನಕ್ಷೆಗೆ ಸಹಿ ಹಾಕಿದ್ದೂ ನಾನೇ. ಈಗ ಮೊಮ್ಮಗಳು ಇದೇ ಶಾಲೆಗೆ ಸೇರಿದಾಳೆ. ನಮ್ಮ ಶಾಲೇಲಿ ಓಡೋಕೆ ಜಾಗ ಇಲ್ಲ ತಾತ ಅಂದಳು. ಮೊದಲು ಕಲ್ಲು ಸಿಗಲಿ, ಆಮೇಲೆ ಬಾಯಿ ಬಿಡೋಣ ಅಂದ್ಕೊಂಡೆ. ಧೈರ್ಯ ಸಾಲಲಿಲ್ಲ."

ದುರ್ಬೀನಕ್ಕ ಗುಂಡಿಯ ಅಂಚಿಗೆ ಬಂದು ನಿಂತಳು. ಅವಳು ಕೇಳಿದ್ದು ಒಂದೇ ಮಾತು.

"ಅವತ್ತು ಒಬ್ಬಳು ಕೂಗಾಡಿದ್ದಳಲ್ಲ, ಅದು ನಿಮಗೆ ಕೇಳಿಸಿತ್ತಾ?"

"ಕೇಳಿಸಿತ್ತು."

"ಹಾಗಾದ್ರೆ ಎದ್ದೇಳಿ. ಈಗ ಒಳಗೆ ನಡೀರಿ, ಎಲ್ಲರ ಮುಂದೆ ಹೇಳಿ." ದಾರಿಯುದ್ದಕ್ಕೂ ಅವರ ಹಿಂದೆಯೇ ನಡೆದಳು, ಎಲ್ಲಿ ಗೇಟಿನ ಕಡೆ ತಿರುಗಿಬಿಡುತ್ತಾರೋ ಎಂದು.

ಅವರು ತಿರುಗಲಿಲ್ಲ. ಚಹಾ ಲೋಟ ಹಿಡಿದವರ ನಡುವೆ ನಿಂತು ಹೇಳಿದರು, ಹೆಡ್‌ಮಿಸ್ ಕೊಟ್ಟ ಹಾಳೆಯಲ್ಲಿ ಬರೆದುಕೊಟ್ಟರು. ಕಲ್ಲಿನ ನಂಬರು ಹಳೆಯ ನಕ್ಷೆಗೆ ತಾಳೆಯಾಯಿತು. ಸಾಕ್ಷಿ ಹೇಳಲು ದುರ್ಬೀನಕ್ಕ ತಾಲ್ಲೂಕು ಕಚೇರಿಗೆ ಆರು ಸಲ ಹೋದಳು. ಯಾವ ಮರ, ಯಾವ ಹೊತ್ತು, ಯಾರ ಕೈಯಲ್ಲಿ ಹಾರೆ, ಒಂದೂ ತಪ್ಪದೆ ಹೇಳಿದಳು. ಗೋದಾಮಿನವನು ಒಂದೂವರೆ ವರ್ಷ ಎಳೆದಾಡಿಸಿದ. ಕೊನೆಗೆ ಗೋಡೆ ಬಿತ್ತು.

ಬಯಲು ಮರಳಿ ಬಂದಾಗ ಅಲ್ಲೂ ಪಾತಿ ಮಾಡೋಣವೆಂದು ನರ್ಸಮ್ಮ ಉತ್ಸಾಹ ತೋರಿದಳು. "ಮಕ್ಕಳು ಓಡಲಿ ಬಿಡಿ" ಎಂದಳು ದುರ್ಬೀನಕ್ಕ. ಆ ಮಾತಿಗೆ ಎದುರಾಡಿದವರಿಲ್ಲ.

ಯಜಮಾನರು ಭಾನುವಾರ ತಪ್ಪಿಸಲಿಲ್ಲ. ಅವಳು ಅವರನ್ನು ಕ್ಷಮಿಸಿದಳೋ ಇಲ್ಲವೋ, ಯಾರಿಗೂ ಹೇಳಲಿಲ್ಲ. ಬದನೆಗೆ ಹುಳ ಬಿದ್ದಿದೆ, ಮೆಣಸಿಗೆ ನೀರು ಸಾಲದು ಎಂದಷ್ಟೇ ಅವರೊಡನೆ ಮಾತು. ಅದಕ್ಕಿಂತ ಹೆಚ್ಚಿನದನ್ನು ಅವರೂ ಕೇಳಲಿಲ್ಲ.